ಕಾಫಿಗೆ ಯಾರೂ ತುಪ್ಪ ಹಾಕುವುದಿಲ್ಲ: ಹಸಿರು ಹೈಡ್ರೋಜನ್ ಮತ್ತು ಊರಿನ ಇಂಧನ ಲೆಕ್ಕ

ಫ್ರಾನ್ಸಿನ ದಕ್ಷಿಣದಲ್ಲಿ, ಸಮುದ್ರಕ್ಕೆ ಹತ್ತಿರ, ಮೊಂಪೆಲಿಯೆ ಅನ್ನುವ ನಗರವಿದೆ. ಅಲ್ಲಿನ ನಗರಾಡಳಿತ 51 ಹೈಡ್ರೋಜನ್ ಬಸ್ಸುಗಳನ್ನು ಓಡಿಸಲು ಹೊರಟಿತ್ತು. ಒಪ್ಪಂದ ಆಗಿತ್ತು. ಬಸ್ಸು ಕೊಳ್ಳಲು ಸಹಾಯಧನದ ದಾರಿಯೂ ಇತ್ತು. 2022ರ ಜನವರಿಯಲ್ಲಿ ಮೇಯರ್ ಮಿಕಾಯೆಲ್ ದೆಲಾಫೋಸ್ ಯೋಜನೆಯನ್ನೇ ಕೈಬಿಟ್ಟರು. ಹೈಡ್ರೋಜನ್ ಬಸ್ಸು ಒಂದು ಕಿಲೋಮೀಟರ್ ಓಡಲು 95 ಸೆಂಟ್ ಖರ್ಚು, ಬ್ಯಾಟರಿ ಬಸ್ಸಿಗೆ 15 ಸೆಂಟ್. ಹೆಚ್ಚುಕಡಿಮೆ ಆರು ಪಟ್ಟು. ಬಸ್ಸು ಕೊಳ್ಳುವುದು ಒಂದೇ ಸಲ, ಓಡಿಸುವುದು ದಿನಾ ಅಲ್ವಾ? ಸದ್ಯಕ್ಕೆ ಬ್ಯಾಟರಿ ಬಸ್ಸು ಸಾಕು, ಹೈಡ್ರೋಜನ್ ಅಗ್ಗವಾದರೆ 2030ರಲ್ಲಿ ನೋಡೋಣ ಎಂದರು.

ಇದನ್ನು ಹೈಡ್ರೋಜನ್ನಿನ ಸೋಲು ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಮೇಜಿನ ಮೇಲೆ ಬಂದದ್ದು ಮಾತ್ರ ತಡವಾಗಿ. ಒಪ್ಪಂದಕ್ಕೆ ಮೊದಲೇ ಬಂದಿದ್ದರೆ ಇಷ್ಟು ಓಡಾಟ ಬೇಕಿರಲಿಲ್ಲ.

ಹಸಿರು ಹೈಡ್ರೋಜನ್ ಬಗ್ಗೆ ದೊಡ್ಡ ಅಂಕಿಗಳು ಬರುವುದು ಮೇಲಿನಿಂದ. ಐರೋಪ್ಯ ಒಕ್ಕೂಟ 2022ರಲ್ಲಿ, 2030ರ ಹೊತ್ತಿಗೆ ಒಂದು ಕೋಟಿ ಟನ್ ತಯಾರಿಸುತ್ತೇವೆ, ಇನ್ನೊಂದು ಕೋಟಿ ಟನ್ ಹೊರಗಿನಿಂದ ತರುತ್ತೇವೆ ಎಂದಿತು. ಭಾರತ 2023ರ ಜನವರಿಯಲ್ಲಿ ₹19,744 ಕೋಟಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಆದರೆ ಜಾಗ ಕೊಡುವವರು, ನೀರಿನ ಕಡತಕ್ಕೆ ಸಹಿ ಹಾಕುವವರು, ಬಸ್ಸಿನ ಟೆಂಡರ್ ಕರೆಯುವವರು, ಅಗ್ನಿಶಾಮಕ ದಳದ ಒಪ್ಪಿಗೆ ಕೊಡುವವರು ಎಲ್ಲರೂ ಕೆಳಗಿನವರು. ನಗರಪಾಲಿಕೆ, ಜಿಲ್ಲಾಡಳಿತ, ಪ್ರಾಂತ್ಯದ ಸಾರಿಗೆ ಸಂಸ್ಥೆ, ದ್ವೀಪದ ಕೌನ್ಸಿಲ್. ಈ ಲೇಖನ ಅವರ ಕುರ್ಚಿಯಲ್ಲಿ ಕೂತು ನೋಡುವ ಪ್ರಯತ್ನ. ‘ನಮ್ಮ ಪ್ರದೇಶದ ಇಂಧನ ಯೋಜನೆಯಲ್ಲಿ ಹೈಡ್ರೋಜನ್ ಎಲ್ಲಿ ಬರಬೇಕು?’ ಎಂದು ಕೇಳಿದರೆ ಅವರು ಯಾವ ಕಡೆಯಿಂದ ಲೆಕ್ಕ ಶುರುಮಾಡಬೇಕು?

ಹಾಲು ಮತ್ತು ತುಪ್ಪ

ಶಾಲೆಯಲ್ಲಿ ಜಲಜನಕ ಅಂತ ಓದಿದ್ದೇವಲ್ಲ, ಅದೇ ಹೈಡ್ರೋಜನ್. ನೀರಿಗೆ ಕರೆಂಟು ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಡೆಯುವ ಯಂತ್ರದ ಹೆಸರು ಎಲೆಕ್ಟ್ರೋಲೈಸರ್. ಬಳಸಿದ ಕರೆಂಟು ಬಿಸಿಲಿನದ್ದೋ ಗಾಳಿಯದ್ದೋ ಆಗಿದ್ದರೆ ಹೈಡ್ರೋಜನ್ನಿಗೆ ‘ಹಸಿರು’ ಅನ್ನುವ ವಿಶೇಷಣ ಸಿಗುತ್ತದೆ. ಅನಿಲದ ಬಣ್ಣ ಬದಲಾಗುವುದಿಲ್ಲ, ಅದಕ್ಕೆ ಬಣ್ಣವೇ ಇಲ್ಲ.

ಇವತ್ತು ಜಗತ್ತು ಬಳಸುವ ಹೈಡ್ರೋಜನ್ ವರ್ಷಕ್ಕೆ ಹತ್ತು ಕೋಟಿ ಟನ್ನಿನ ಹತ್ತಿರ ಇದೆ. ಅದರಲ್ಲಿ ನೀರಿನಿಂದ ಬಂದದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದು ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ. ಅನಿಲದಿಂದ ಒಂದು ಕೆಜಿ ತೆಗೆದರೆ ಒಂಬತ್ತು ಹತ್ತು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇದನ್ನೆಲ್ಲ ಬಳಸುವವರು ಯಾರು? ಮುಖ್ಯವಾಗಿ ಪೆಟ್ರೋಲ್ ಶುದ್ಧೀಕರಿಸುವ ರಿಫೈನರಿಗಳು, ಗೊಬ್ಬರದ ಕಾರ್ಖಾನೆಗಳು, ಮೆಥನಾಲ್ ಮಾಡುವವರು. ಬಸ್ಸಲ್ಲ, ಕಾರಲ್ಲ, ಅಡುಗೆಮನೆಯೂ ಅಲ್ಲ.

ಈಗ ಕೆಲವು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಒಂದು ಕೆಜಿ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟು ಬೇಕು. ಆ ಒಂದು ಕೆಜಿಯಲ್ಲಿ ಇರುವ ಶಕ್ತಿ ಸುಮಾರು 33 ಯೂನಿಟ್. ಅಂದರೆ ಮಾಡುವಾಗಲೇ ಮೂರರಲ್ಲಿ ಒಂದು ಪಾಲು ಹೋಯಿತು. ಆಮೇಲೆ ಅದನ್ನು ಒತ್ತಿ ಸಿಲಿಂಡರಿಗೆ ತುಂಬಬೇಕು. ತುಂಬದೆ ಬಿಟ್ಟರೆ ಒಂದು ಕೆಜಿ ಹೈಡ್ರೋಜನ್ ಹನ್ನೊಂದು ಘನ ಮೀಟರ್ ಜಾಗ ಹಿಡಿಯುತ್ತದೆ, ಒಂದು ಸಣ್ಣ ಕೋಣೆಯಷ್ಟು. ತುಂಬಿ, ಸಾಗಿಸಿ, ಕೊನೆಗೆ ಬಸ್ಸಿನ ಫ್ಯೂಯಲ್ ಸೆಲ್‌ನಲ್ಲಿ ಮತ್ತೆ ಕರೆಂಟಾಗಿ ತಿರುಗಿಸುವಷ್ಟರಲ್ಲಿ, ಹೊರಟ 100 ಯೂನಿಟ್‌ನಲ್ಲಿ ಚಕ್ರಕ್ಕೆ ಮುಟ್ಟುವುದು ಮೂವತ್ತರ ಆಸುಪಾಸು. ಬ್ಯಾಟರಿಯಾದರೆ ಎಂಬತ್ತರ ಆಸುಪಾಸು.

ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಕರೆಂಟು ಹಾಲು, ಹೈಡ್ರೋಜನ್ ತುಪ್ಪ. ಒಂದು ಕೆಜಿ ತುಪ್ಪಕ್ಕೆ ಇಪ್ಪತ್ತೈದು ಲೀಟರಿನಷ್ಟು ಹಸುವಿನ ಹಾಲು ಬೇಕು. ಹಾಲು ಸಂಜೆಗೆ ಒಡೆಯುತ್ತದೆ, ತುಪ್ಪ ತಿಂಗಳುಗಟ್ಟಲೆ ಇರುತ್ತದೆ. ದೂರದ ನೆಂಟರ ಮನೆಗೂ ಒಯ್ಯಬಹುದು. ಒಬ್ಬಟ್ಟಿಗೆ ತುಪ್ಪವೇ ಆಗಬೇಕು, ಅಲ್ಲಿ ಹಾಲು ಸುರಿದರೆ ನಡೆಯುವುದಿಲ್ಲ. ಆದರೆ ಕಾಫಿಗೆ ಹಾಲಿರುವಾಗ ಯಾರೂ ತುಪ್ಪ ಹಾಕುವುದಿಲ್ಲ. ಮೊಂಪೆಲಿಯೆ ಮಾಡಲು ಹೊರಟಿದ್ದು ಹೆಚ್ಚುಕಡಿಮೆ ಅದೇ. ಊರಿನ ಬಸ್ಸು ರಾತ್ರಿ ಡಿಪೋಗೆ ಬರುತ್ತದೆ, ಅಲ್ಲಿ ಚಾರ್ಜ್ ಮಾಡಬಹುದು.

ಬೇಕಾದರೆ ನೀವೇ ಲೆಕ್ಕ ಹಾಕಿ. ದೊಡ್ಡ ಹೈಡ್ರೋಜನ್ ಬಸ್ಸು ನೂರು ಕಿಲೋಮೀಟರಿಗೆ ಸುಮಾರು 8 ಕೆಜಿ ಕೇಳುತ್ತದೆ. ದಿನಕ್ಕೆ 200 ಕಿಲೋಮೀಟರ್ ಓಡಿದರೆ 16 ಕೆಜಿ. ಕೆಜಿಗೆ 55 ಯೂನಿಟ್ ಅಂದರೆ 880 ಯೂನಿಟ್. ಅದೇ ದೂರಕ್ಕೆ ಬ್ಯಾಟರಿ ಬಸ್ಸು 250 ಚಿಲ್ಲರೆ ಯೂನಿಟ್ ಕೇಳುತ್ತದೆ. ಇಂಥ 51 ಬಸ್ಸಿಗೆ ದಿನಕ್ಕೆ 800 ಕೆಜಿಗೂ ಜಾಸ್ತಿ ಹೈಡ್ರೋಜನ್ ಬೇಕು. ಅಷ್ಟು ಮಾಡಲು ಸುಮಾರು 2 ಮೆಗಾವ್ಯಾಟ್ ಯಂತ್ರ ಹಗಲು ರಾತ್ರಿ ನಿಲ್ಲದೆ ಓಡಬೇಕು. ದಿನದ ಅರ್ಧ ಹೊತ್ತು ಮಾತ್ರ ಓಡುವುದಾದರೆ 4 ಮೆಗಾವ್ಯಾಟ್ ಯಂತ್ರ ಕೊಳ್ಳಬೇಕು. ಒಂದು ಹಾಳೆಯ ಲೆಕ್ಕ ಇದು. ಸಾರಿಗೆ ವಿಭಾಗದ ಯಾವ ಇಂಜಿನಿಯರ್ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದು.

ಗಾಳಿ ಜಾಸ್ತಿ, ತಂತಿ ಸಣ್ಣದು

ಹಾಗಾದರೆ ಹೈಡ್ರೋಜನ್ ಸುಮ್ನೆ ದಂಡವಾ? ಆರ್ಕ್ನಿ ದ್ವೀಪಗಳ ಕಡೆ ಹೋಗೋಣ.

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದಲ್ಲಿ ಚೆಲ್ಲಿಕೊಂಡಂತಿರುವ ಎಪ್ಪತ್ತರಷ್ಟು ದ್ವೀಪಗಳು. ಜನ ಇರುವುದು ಇಪ್ಪತ್ತರಲ್ಲಿ. ಒಟ್ಟು ಜನಸಂಖ್ಯೆ ಇಪ್ಪತ್ತೆರಡು ಸಾವಿರದ ಹತ್ತಿರ, ನಮ್ಮ ಒಂದು ಹೋಬಳಿಯಷ್ಟು. ಗಾಳಿಗೆ ಮಾತ್ರ ಬರವಿಲ್ಲ. 2013ರಿಂದ ಆರ್ಕ್ನಿ ವರ್ಷದ ಲೆಕ್ಕದಲ್ಲಿ ತನಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟನ್ನು ಗಾಳಿ ಮುಂತಾದ ಮೂಲಗಳಿಂದಲೇ ಮಾಡುತ್ತಿದೆ. ಮುಖ್ಯಭೂಮಿಗೆ ಕಳಿಸೋಣ ಅಂದರೆ ಇರುವುದು ಸಮುದ್ರದಡಿಯ ಎರಡು ಸಣ್ಣ ಕೇಬಲ್ಲುಗಳು, ತಲಾ 33 ಕೆವಿ. ನಮ್ಮಲ್ಲಿ ತಾಲ್ಲೂಕಿನ ಸಬ್‌ಸ್ಟೇಷನ್‌ಗೆ ಹೋಗುವ ಲೈನಿನ ಮಟ್ಟದ್ದು. ಗಾಳಿ ಜೋರಾಗಿ ಬೀಸಿದ ದಿನ ಕೇಬಲ್ ತುಂಬುತ್ತದೆ, ಗಾಳಿಯಂತ್ರಗಳನ್ನು ನಿಲ್ಲಿಸಬೇಕಾಗುತ್ತದೆ.

ಈಡೇ ಅನ್ನುವ ಪುಟ್ಟ ದ್ವೀಪದಲ್ಲಿ ಊರವರದ್ದೇ ಒಂದು 900 ಕಿಲೋವ್ಯಾಟ್ ಗಾಳಿಯಂತ್ರ ಇದೆ. ಅದು ತಿರುಗಿದರೆ ಊರಿನ ಸಂಘಕ್ಕೆ ದುಡ್ಡು. ನಿಲ್ಲಿಸಿದರೆ ನಷ್ಟ. ಹೀಗೆ ವ್ಯರ್ಥವಾಗುತ್ತಿದ್ದ ಗಾಳಿಗಾಗಿ ಅಲ್ಲೊಂದು ಅರ್ಧ ಮೆಗಾವ್ಯಾಟ್ ಎಲೆಕ್ಟ್ರೋಲೈಸರ್ ಇಟ್ಟರು. ಬಂದ ಹೈಡ್ರೋಜನ್ನನ್ನು ಉದ್ದುದ್ದ ಸಿಲಿಂಡರುಗಳ ಟ್ರೈಲರಿಗೆ ತುಂಬಿ, ದೋಣಿ ಹತ್ತಿಸಿ, ಕರ್ಕ್‌ವಾಲ್ ಪಟ್ಟಣದ ಬಂದರಿಗೆ ತಂದರು. ಅಲ್ಲಿ 75 ಕಿಲೋವ್ಯಾಟ್ ಫ್ಯೂಯಲ್ ಸೆಲ್ ಅದನ್ನು ಮತ್ತೆ ಕರೆಂಟು ಮಾಡಿ, ದಡಕ್ಕೆ ಕಟ್ಟಿದ ದೋಣಿಗಳಿಗೆ ಕೊಡುತ್ತಿತ್ತು. ಮುಂದೆ ಐರೋಪ್ಯ ಒಕ್ಕೂಟದ ನೆರವಿನಲ್ಲಿ ಶಾಪಿನ್‌ಸೇ ದ್ವೀಪದಲ್ಲಿ ಇನ್ನೊಂದು ಮೆಗಾವ್ಯಾಟ್ ಯಂತ್ರ, ದ್ವೀಪದ ಕೌನ್ಸಿಲಿಗೆ ಐದು ಹೈಡ್ರೋಜನ್ ವ್ಯಾನುಗಳು ಬಂದವು.

ಪ್ರಮಾಣದಲ್ಲಿ ಇದು ಆಟಿಕೆ. ಆದರೆ ಕಲಿತದ್ದು ಆಟಿಕೆಯಲ್ಲ. ಯಂತ್ರ ಕೂರಿಸುವುದಕ್ಕಿಂತ ಕಷ್ಟವಾದದ್ದು ಅದನ್ನು ದೋಣಿ ಹತ್ತಿಸುವುದು. ಪ್ರಯಾಣಿಕರ ದೋಣಿಯಲ್ಲಿ ಇಂಥ ಅನಿಲ ಸಾಗಿಸಲು ಅಪಾಯಕಾರಿ ಸರಕಿನ ನಿಯಮಗಳಿವೆ. ದೋಣಿಯ ಸಿಬ್ಬಂದಿಗೆ ತರಬೇತಿ ಬೇಕು. ಯಾವ ಹೊತ್ತಿನ ದೋಣಿಯಲ್ಲಿ ಟ್ರೈಲರ್ ಹೋಗಬೇಕು ಅನ್ನುವುದು ವೇಳಾಪಟ್ಟಿಯ ಪ್ರಶ್ನೆ. ಇದರಲ್ಲಿ ಒಂದೂ ವಿಜ್ಞಾನದ ಸಮಸ್ಯೆಯಲ್ಲ. ಎಲ್ಲ ಆಡಳಿತದ ಕೆಲಸ. ಕೌನ್ಸಿಲ್, ಬಂದರು, ದೋಣಿ ಸಂಸ್ಥೆ, ಅಲ್ಲಿನ ಕಾಲೇಜು ಒಂದೇ ಮೇಜಿನ ಸುತ್ತ ಕೂತಿದ್ದಕ್ಕೆ ಅಷ್ಟಾದರೂ ಆಯಿತು.

ಆರ್ಕ್ನಿ ಹೈಡ್ರೋಜನ್ ಕಡೆ ತಿರುಗಿದ್ದು ತಂತಿ ಸಾಲದ್ದಕ್ಕೆ. 2023ರಲ್ಲಿ ಬ್ರಿಟನ್ನಿನ ವಿದ್ಯುತ್ ನಿಯಂತ್ರಣ ಸಂಸ್ಥೆ ಆರ್ಕ್ನಿಗೆ ಹೊಸ ದೊಡ್ಡ ಕೇಬಲ್ಲಿಗೆ ಒಪ್ಪಿಗೆ ಕೊಟ್ಟಿತು, 220 ಮೆಗಾವ್ಯಾಟಿನದ್ದು. ಅದು ಬಂದ ದಿನ ‘ವ್ಯರ್ಥವಾಗುವ ಗಾಳಿ’ ವ್ಯರ್ಥವಾಗುವುದಿಲ್ಲ, ಮಾರಬಹುದು. ಆಗ ಅದನ್ನು ಹೈಡ್ರೋಜನ್ ಮಾಡುವುದು ಲಾಭವೋ ನಷ್ಟವೋ ಎಂದು ಹೊಸದಾಗಿ ಕೂಡಿ ಕಳೆಯಬೇಕು. ಆದ್ದರಿಂದ ಯಾವುದೇ ಪ್ರದೇಶದ ಕಡತದಲ್ಲಿ ಈ ಪ್ರಶ್ನೆ ಮೊದಲ ಪುಟದಲ್ಲೇ ಇರಬೇಕು: ನಾಳೆ ತಂತಿ ಬಂದರೆ ಈ ಯಂತ್ರ ಏನು ಮಾಡುತ್ತದೆ?

‘ಪುಕ್ಕಟೆ ಕರೆಂಟು’ ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ಮಧ್ಯಾಹ್ನ ಸೋಲಾರ್ ಜಾಸ್ತಿಯಾಗಿ ಕರೆಂಟು ಉಳಿಯುತ್ತದೆ, ಅದನ್ನು ಹೈಡ್ರೋಜನ್ ಮಾಡೋಣ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆಲೆಮನೆ ಇಟ್ಟವರನ್ನು ಕೇಳಿ. ಕಬ್ಬು ಪುಕ್ಕಟೆ ಸಿಕ್ಕರೂ, ವರ್ಷದಲ್ಲಿ ಹದಿನೈದು ದಿನ ಮಾತ್ರ ಗಾಣ ತಿರುಗುವುದಾದರೆ ಗಾಣದ ಸಾಲ ತೀರುತ್ತದಾ? ಎಲೆಕ್ಟ್ರೋಲೈಸರ್ ದುಬಾರಿ ಯಂತ್ರ. ವರ್ಷದ 8,760 ಗಂಟೆಯಲ್ಲಿ ಏಳೆಂಟು ನೂರು ಗಂಟೆ ಓಡಿದರೆ ಪ್ರತಿ ಕೆಜಿಯ ಮೇಲೆ ಬಂಡವಾಳದ ಹೊರೆ ವಿಪರೀತ ಬೀಳುತ್ತದೆ. ಜಾಸ್ತಿ ಗಂಟೆ ಓಡಿಸಲು ಹೊರಟರೆ ಕರೆಂಟು ಪುಕ್ಕಟೆ ಉಳಿಯುವುದಿಲ್ಲ. ಯೂನಿಟ್‌ಗೆ ₹5 ಅಂದರೆ ಕರೆಂಟಿನ ಬಾಬ್ತೇ ಕೆಜಿಗೆ ₹260ರ ಹತ್ತಿರ. ₹3ಕ್ಕೆ ಸಿಕ್ಕರೆ ₹156. ಯೋಜನೆಯ ಹಣೆಬರಹ ಹೆಚ್ಚಾಗಿ ಈ ಒಂದು ಸಾಲಿನಲ್ಲಿ ಬರೆದಿರುತ್ತದೆ.

ರೈಲು ಓಡಿತು, ಮನಸ್ಸು ಬದಲಾಯಿತು

ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ್ದು ಇನ್ನೊಂದು ಕಥೆ. ಅಲ್ಲಿನ ಸ್ಥಳೀಯ ಸಾರಿಗೆ ಸಂಸ್ಥೆ 2022ರ ಆಗಸ್ಟಿನಲ್ಲಿ ಬ್ರೆಮರ್‌ಫೋರ್ಡೆ ಪಟ್ಟಣದ ಮಾರ್ಗದಲ್ಲಿ 14 ಹೈಡ್ರೋಜನ್ ರೈಲುಗಳನ್ನು ಹಂತಹಂತವಾಗಿ ತರಲು ಶುರುಮಾಡಿತು. ಇಡೀ ಮಾರ್ಗ ಹೈಡ್ರೋಜನ್ನಿನಲ್ಲೇ ಓಡುವುದು ಜಗತ್ತಿನಲ್ಲೇ ಮೊದಲು. ಪತ್ರಿಕೆಗಳಲ್ಲಿ ದೊಡ್ಡ ಫೋಟೋಗಳು ಬಂದವು. ಒಂದು ಸಣ್ಣ ಸಂಗತಿ ಮಾತ್ರ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಶುರುವಿನಲ್ಲಿ ತುಂಬಿಸಿದ ಹೈಡ್ರೋಜನ್ ಹಸಿರಿನದ್ದಲ್ಲ, ರಾಸಾಯನಿಕ ಕಾರ್ಖಾನೆಯ ಉಪಉತ್ಪನ್ನ. ಮರುವರ್ಷ ಅದೇ ಸಂಸ್ಥೆ, ಉಳಿದ ಡೀಸೆಲ್ ರೈಲುಗಳ ಜಾಗಕ್ಕೆ ಬ್ಯಾಟರಿ ರೈಲು ತರುತ್ತೇವೆ, ಓಡಿಸುವ ಖರ್ಚು ಅದರಲ್ಲಿ ಕಡಿಮೆ ಎಂದಿತು.

ಇದಕ್ಕೆ ನಗಬೇಕಾಗಿಲ್ಲ. ಯಾರಾದರೂ ಒಬ್ಬರು ಮೊದಲು ಓಡಿಸಿ ನೋಡಬೇಕಿತ್ತು. ಆದರೆ ಎರಡನೆಯವರು ಅದೇ ಪ್ರಯೋಗ ಮಾಡುವ ಮುಂಚೆ ಮೊದಲನೆಯವರಿಗೆ ಒಂದು ಫೋನ್ ಮಾಡಬೇಕು. ಯುರೋಪಿನಲ್ಲಿ ಪ್ರದೇಶಗಳು ಪರಸ್ಪರ ಅನುಭವ ಹಂಚಿಕೊಳ್ಳಲೆಂದೇ ಒಕ್ಕೂಟದ ಹಣದಲ್ಲಿ ಕಾರ್ಯಕ್ರಮಗಳು ನಡೆಯುತ್ತವೆ. ನೋಡುವುದಕ್ಕೆ ಸಭೆ, ಊಟ, ವರದಿ ಅನ್ನಿಸುತ್ತದೆ. ಒಬ್ಬರ 14 ರೈಲಿನ ಪಾಠ ಇನ್ನೊಬ್ಬರ ಟೆಂಡರ್ ಉಳಿಸಿದರೂ ಊಟದ ಬಿಲ್ಲು ತೀರಿತು.

ಇದಕ್ಕೆ ತಿರುಗುಮುರುಗಾಗಿ, ನೆದರ್ಲೆಂಡ್ಸಿನ ಉತ್ತರ ಭಾಗಕ್ಕೆ ಹೈಡ್ರೋಜನ್ ಒಪ್ಪುತ್ತದೆ ಅನ್ನಲು ಕಾರಣಗಳಿವೆ. ಖ್ರೋನಿಂಗನ್ ಪ್ರಾಂತ್ಯದಲ್ಲಿ 1959ರಲ್ಲಿ ಯುರೋಪಿನ ಬಹುದೊಡ್ಡ ಅನಿಲ ನಿಕ್ಷೇಪ ಸಿಕ್ಕಿತ್ತು. ದಶಕಗಟ್ಟಲೆ ತೆಗೆದರು. ನೆಲ ಕುಸಿದು ಭೂಕಂಪಗಳಾದವು. 2012ರಲ್ಲಿ ಹುಯಿಜಿಂಗೆ ಊರಿನ ಬಳಿ 3.6 ತೀವ್ರತೆಯ ಕಂಪನವಾದ ಮೇಲೆ ಜನ ಸುಮ್ಮನಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಅನಿಲ ತೆಗೆಯುವುದನ್ನು ನಿಲ್ಲಿಸಿದರು. ಈಗ ಆ ಪ್ರಾಂತ್ಯದ ಕೈಯಲ್ಲಿ ಏನಿದೆ ನೋಡಿ: ನೆಲದಡಿ ಹಾಸಿದ ಅನಿಲದ ಕೊಳವೆಗಳು, ಅನಿಲದ ಕೆಲಸ ಗೊತ್ತಿರುವ ಕಾರ್ಮಿಕರು, ಹೈಡ್ರೋಜನ್ ತುಂಬಿಡಬಹುದಾದ ಉಪ್ಪಿನ ಗುಹೆಗಳು, ಡೆಲ್ಫ್‌ಜೈಲ್‌ನ ರಾಸಾಯನಿಕ ಕಾರ್ಖಾನೆಗಳು, ಸಮುದ್ರದಲ್ಲಿ ಗಾಳಿಯಂತ್ರ. ಮಾಡುವವರು, ಇಡುವ ಜಾಗ, ಸಾಗಿಸುವ ಕೊಳವೆ, ಕೊಳ್ಳುವವರು ಎಲ್ಲ ಹತ್ತಿರ ಹತ್ತಿರ. ಇಂಥ ಜಾಗಕ್ಕೆ ‘ಹೈಡ್ರೋಜನ್ ಕಣಿವೆ’ ಅನ್ನುತ್ತಾರೆ. ಆ ದೇಶದ ಉತ್ತರ ಭಾಗ ಸಪಾಟು ನೆಲ, ಕಣಿವೆ ಹುಡುಕಿದರೂ ಸಿಗುವುದಿಲ್ಲ, ಅದು ಬೇರೆ ಮಾತು. ಐರೋಪ್ಯ ಒಕ್ಕೂಟ ಅಲ್ಲಿನ ಹೀವನ್ ಯೋಜನೆಗೆ 2 ಕೋಟಿ ಯೂರೋ ನೆರವು ಕೊಟ್ಟಿತು.

ಆರ್ಕ್ನಿಯಲ್ಲಿ ಗಾಳಿ ಇತ್ತು, ಕೊಳ್ಳುವವರಿರಲಿಲ್ಲ. ಖ್ರೋನಿಂಗನ್ನಿನಲ್ಲಿ ಕೊಳ್ಳುವವರು ಮೊದಲೇ ಇದ್ದರು. ನನ್ನ ಮಟ್ಟಿಗೆ ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ. ‘ನಮ್ಮಲ್ಲಿ ಬಿಸಿಲಿದೆ, ಹೈಡ್ರೋಜನ್ ಮಾಡೋಣ’ ಅನ್ನುವವರು ಹಾಲಿನ ಕ್ಯಾನ್ ಕಡೆಯಿಂದ ಯೋಚಿಸುತ್ತಿದ್ದಾರೆ. ಒಬ್ಬಟ್ಟು ಎಲ್ಲಿದೆ ಎಂದು ಮೊದಲು ಹುಡುಕಬೇಕು. ನಿಮ್ಮ ಪ್ರದೇಶದಲ್ಲಿ ಈಗಾಗಲೇ ಹೈಡ್ರೋಜನ್ ಬಳಸುವವರು ಯಾರು? ಎಷ್ಟು ಟನ್? ಯಾವುದರಿಂದ ಮಾಡಿದ್ದು? ಅವರಿಗೆ ಬೇರೆ ದಾರಿ ಇದೆಯಾ? ರಿಫೈನರಿ, ಗೊಬ್ಬರ, ಮೆಥನಾಲ್‌ಗೆ ಇಲ್ಲ. ಅದಿರಿನಿಂದ ಉಕ್ಕು ಮಾಡುವವರಿಗೆ ಕಷ್ಟ. ದೂರ ಹೋಗುವ ಹಡಗಿಗೆ ಬಹುಶಃ ಅಮೋನಿಯಾ ಅಥವಾ ಮೆಥನಾಲ್ ರೂಪದಲ್ಲಿ ಬೇಕಾಗಬಹುದು. ಊರೊಳಗಿನ ಬಸ್ಸು, ಕಾರು, ಮನೆ ಬಿಸಿಮಾಡುವುದು ಪಟ್ಟಿಯ ತೀರಾ ಕೊನೆಗೆ.

ಅಡುಗೆ ಅನಿಲದ ಕೊಳವೆಗೆ ಹೈಡ್ರೋಜನ್ ಬೆರೆಸುವ ಮಾತು ಆಗಾಗ ಬರುತ್ತದೆ. ನೂರಕ್ಕೆ ಇಪ್ಪತ್ತು ಪಾಲು ಬೆರೆಸುತ್ತೇವೆ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅಷ್ಟೇ ಜಾಗದಲ್ಲಿ ಹೈಡ್ರೋಜನ್ನಿನ ಶಕ್ತಿ ನೈಸರ್ಗಿಕ ಅನಿಲದ ಮೂರನೇ ಒಂದರಷ್ಟು. ಹಾಗಾಗಿ ಇಪ್ಪತ್ತು ಪಾಲು ಬೆರೆಸಿದರೂ ಇಂಗಾಲ ಉಳಿಯುವುದು ಏಳು ಪಾಲಿನ ಆಸುಪಾಸು.

ಹಸಿರು ಅಂದಮಾತ್ರಕ್ಕೆ ಹಸಿರಾಗದು

ಇಲ್ಲೊಂದು ಬಲೆ ಇದೆ. ಯಂತ್ರವನ್ನು ಸುಮ್ನೆ ಗ್ರಿಡ್ಡಿಗೆ ಸಿಕ್ಕಿಸಿ ಓಡಿಸಿದರೆ ಏನಾಗುತ್ತದೆ? ಭಾರತದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇದೆ. 50 ಯೂನಿಟ್ ಅಂದರೆ 35 ಕೆಜಿ. ಅನಿಲದಿಂದ ಮಾಡಿದರೆ ಒಂಬತ್ತು ಹತ್ತು ಕೆಜಿ ಎಂದು ಮೊದಲೇ ಹೇಳಿದೆ. ಅಂದರೆ ‘ಹಸಿರು’ ಮಾಡಲು ಹೋಗಿ ಮೂರು ಪಟ್ಟಿಗೂ ಹೆಚ್ಚು ಹೊಗೆ.

ಅದಕ್ಕೇ ನಿಯಮಗಳು ಬಂದಿವೆ. ಭಾರತ 2023ರ ಆಗಸ್ಟಿನಲ್ಲಿ ಮಿತಿ ಗೊತ್ತುಮಾಡಿತು. ಒಂದು ಕೆಜಿ ಹೈಡ್ರೋಜನ್ನಿಗೆ 2 ಕೆಜಿಗಿಂತ ಹೆಚ್ಚು ಹೊರಸೂಸುವಿಕೆ ಇರಬಾರದು, ಹನ್ನೆರಡು ತಿಂಗಳ ಸರಾಸರಿಯಲ್ಲಿ. ಯುರೋಪಿನ ನಿಯಮ ಇನ್ನೂ ಜಿಗುಟು. ಕರೆಂಟು ಹೊಸದಾಗಿ ಕಟ್ಟಿದ ಸೋಲಾರ್ ಅಥವಾ ಗಾಳಿ ಘಟಕದ್ದಾಗಿರಬೇಕು, ಇದ್ದದ್ದನ್ನು ಬೇರೆಯವರಿಂದ ಕಿತ್ತುಕೊಂಡದ್ದಾಗಿರಬಾರದು. ಹತ್ತಿರದ ಗ್ರಿಡ್ ವಲಯದ್ದೇ ಆಗಿರಬೇಕು. ಕರೆಂಟು ಹುಟ್ಟಿದ ಕಾಲ ಮತ್ತು ಬಳಸಿದ ಕಾಲ ತಾಳೆಯಾಗಬೇಕು. 2029ರ ಕೊನೆಯವರೆಗೆ ತಿಂಗಳ ಲೆಕ್ಕ, 2030ರಿಂದ ಗಂಟೆಗಂಟೆಯ ಲೆಕ್ಕ. ಮಧ್ಯಾಹ್ನದ ಬಿಸಿಲು ತೋರಿಸಿ ರಾತ್ರಿ ಯಂತ್ರ ಓಡಿಸುವ ಹಾಗಿಲ್ಲ. ಯುರೋಪಿಗೆ ರಫ್ತು ಮಾಡುತ್ತೇವೆ ಅನ್ನುವ ಯಾವುದೇ ಬಂದರಿನ ಯೋಜನೆಗೂ ಈ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಯಂತ್ರಕ್ಕೆ ಜಾಗ ಕೊಡುವಾಗ ಅದಕ್ಕೆ ಕರೆಂಟು ಕೊಡುವ ಸೋಲಾರ್ ಜಾಗವನ್ನೂ ಜೊತೆಗೇ ಕೇಳಬೇಕು.

ನೀರು? ಒಂದು ಕೆಜಿಗೆ ಒಡೆಯಲು 9 ಲೀಟರ್, ಶುದ್ಧೀಕರಿಸಿ ತಣ್ಣಗಾಗಿಸುವುದೂ ಸೇರಿ 15ರಿಂದ 30 ಲೀಟರ್. ಒಂದು ದೇಶದ ಲೆಕ್ಕದಲ್ಲಿ ಇದು ಹನಿ. ಬರದ ತಾಲ್ಲೂಕಿನ ಲೆಕ್ಕದಲ್ಲಿ ಹನಿಯಲ್ಲ. ಸಮುದ್ರದ ನೀರನ್ನು ಸಿಹಿ ಮಾಡಿ ಬಳಸಿದರೂ ಕರೆಂಟಿನ ಖರ್ಚು ಕೆಜಿಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ. 50 ಯೂನಿಟ್ಟಿನ ಮುಂದೆ ಅದೇನೂ ಅಲ್ಲ. ಹಾಗಾಗಿ ಕರಾವಳಿಯಲ್ಲಿ ನೀರು ನೆಪವಾಗಬಾರದು, ಒಳನಾಡಿನಲ್ಲಿ ನೀರನ್ನು ಮರೆಯಬಾರದು.

ಬೆಂಕಿಯ ವಿಷಯವೂ ಪ್ರದೇಶದ್ದೇ. ಹೈಡ್ರೋಜನ್ ಉರಿದರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೂ ಅದು ಹೊತ್ತಿಕೊಳ್ಳಬಲ್ಲದು. ಒಳ್ಳೆಯ ಗುಣವೂ ಇದೆ, ತುಂಬಾ ಹಗುರ. ಬಯಲಿನಲ್ಲಿ ಸೋರಿದರೆ ಮೇಲೆ ಹಾರಿಹೋಗುತ್ತದೆ. ಮಾಡಿನ ಕೆಳಗೆ ಸೋರಿದರೆ ಮಾಡಿನಡಿಯಲ್ಲೇ ಕೂರುತ್ತದೆ. ಎಲ್‌ಪಿಜಿ ನೆಲಕ್ಕೆ ಇಳಿಯುತ್ತದೆ, ಇದು ಮೇಲಕ್ಕೆ ಏರುತ್ತದೆ. ಅಡುಗೆ ಅನಿಲದ ಅಭ್ಯಾಸದಲ್ಲಿ ಕಟ್ಟಡದ ನಕ್ಷೆ ನೋಡುವ ಇಂಜಿನಿಯರ್ ಇಲ್ಲಿ ನೆಲದ ಬದಲು ಮಾಡನ್ನು ನೋಡಬೇಕು. 2019ರ ಜೂನಿನಲ್ಲಿ ನಾರ್ವೆಯ ಓಸ್ಲೋ ಹತ್ತಿರ ಹೈಡ್ರೋಜನ್ ತುಂಬಿಸುವ ಬಂಕೊಂದು ಸ್ಫೋಟಿಸಿತು. ತನಿಖೆಯಲ್ಲಿ ಕಂಡದ್ದು, ಒತ್ತಡದ ಟ್ಯಾಂಕಿನ ಮುಚ್ಚಳ ಸರಿಯಾಗಿ ಬಿಗಿಯದ ಕೆಲಸ.

ಜನರನ್ನು ಕೇಳದೆ, ಹೈಡ್ರೋಜನ್ ಎಲ್ಲಿಂದ ಬರುತ್ತದೆ ಎಂದು ನೋಡದೆ ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಎರಡು ಉದಾಹರಣೆ ಸಾಕು. ಮನೆಗಳನ್ನು ಹೈಡ್ರೋಜನ್ನಿನಿಂದ ಬಿಸಿ ಮಾಡುವ ಪ್ರಯೋಗಕ್ಕೆ ವಿಟ್ಬಿ ಅನ್ನುವ ಊರನ್ನು ಆರಿಸಿದ್ದರು. ಊರವರು ಬೇಡವೆಂದರು. 2023ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಬದಲಿಗೆ ಇದ್ದ ರೆಡ್‌ಕಾರ್‌ನಲ್ಲಿ ಡಿಸೆಂಬರ್ ಹೊತ್ತಿಗೆ ಇನ್ನೊಂದು ತೊಡಕು: ಸ್ಥಳೀಯವಾಗಿ ಬೇಕಾದಷ್ಟು ಹೈಡ್ರೋಜನ್ನೇ ಇಲ್ಲ. ಪ್ರಯೋಗ ಅಲ್ಲಿಗೂ ಹೋಗಲಿಲ್ಲ.

ಇಲ್ಲಿಗೆ ತಂದು ನೋಡಿದರೆ

ಕರ್ನಾಟಕದಲ್ಲಿ ಒಬ್ಬಟ್ಟು ಎಲ್ಲಿದೆ? ಎರಡು ಜಾಗ ತಕ್ಷಣ ಕಾಣುತ್ತವೆ. ಒಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು, ಇನ್ನೊಂದು ಮಂಗಳೂರು.

ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಮಾಡುವ ಘಟಕ 2025ರಲ್ಲಿ ಶುರುವಾಯಿತು. ಮಾಡುವ ಯಂತ್ರ, ಕೊಳ್ಳುವ ಕಾರ್ಖಾನೆ ಒಂದೇ ಆವರಣದ ವ್ಯವಹಾರ, ಸಾಗಾಣಿಕೆಯ ತಲೆನೋವಿಲ್ಲ. ಆದರೆ ಪ್ರಮಾಣ ನೋಡಿ. ಹೈಡ್ರೋಜನ್ನಿನಿಂದಲೇ ಒಂದು ಟನ್ ಕಬ್ಬಿಣ ಮಾಡಲು 50 ಚಿಲ್ಲರೆ ಕೆಜಿ ಬೇಕು. 3,800 ಟನ್ನಿನಿಂದ ಆಗುವುದು ಎಪ್ಪತ್ತು ಸಾವಿರ ಟನ್ ಕಬ್ಬಿಣ. ಆ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಕೋಟಿ ಟನ್‌ಗೂ ಜಾಸ್ತಿ.

ಮಂಗಳೂರಿನಲ್ಲಿ ಎಂಆರ್‌ಪಿಎಲ್ ರಿಫೈನರಿ ಇದೆ, ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಇದೆ, ಪಕ್ಕದಲ್ಲೇ ಬಂದರು. ಕೊಚ್ಚಿಯಿಂದ ಅನಿಲದ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನೀರಿನ ಪಾಠವೂ ಇಲ್ಲಿ ಆಗಿದೆ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ರಿಫೈನರಿಯ ಘಟಕಗಳನ್ನು ನಿಲ್ಲಿಸಿದ ವರ್ಷಗಳಿವೆ. ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಬಂತು. ಖ್ರೋನಿಂಗನ್ನಿನ ಉಪ್ಪಿನ ಗುಹೆ ಒಂದು ಬಿಟ್ಟರೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲ ಇದೆ.

ಕರೆಂಟು ಮಾತ್ರ ಘಟ್ಟದ ಮೇಲಿನಿಂದ ಬರಬೇಕು. ಎಷ್ಟು? ಗೊಬ್ಬರಕ್ಕೆ ಬೇಕಾಗುವ ಅಮೋನಿಯಾವನ್ನು ಹೈಡ್ರೋಜನ್ನಿನಿಂದಲೇ ಮಾಡುವುದು, ವರ್ಷಕ್ಕೆ ಒಂದು ಲಕ್ಷ ಟನ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ಹೈಡ್ರೋಜನ್ ಹದಿನೇಳು ಹದಿನೆಂಟು ಸಾವಿರ ಟನ್. ಅದನ್ನು ಮಾಡಲು 90 ಕೋಟಿ ಯೂನಿಟ್ಟಿನ ಮೇಲೆ ಬೇಕು. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದ್ದು, ಹದಿಮೂರು ಸಾವಿರ ಎಕರೆ, ರೈತರಿಂದ ಗೇಣಿಗೆ ತೆಗೆದುಕೊಂಡ ನೆಲ. ಅದು ವರ್ಷಕ್ಕೆ ಮಾಡಬಲ್ಲದ್ದು 400 ಕೋಟಿ ಯೂನಿಟ್ಟಿನ ಆಸುಪಾಸು. ಅಂದರೆ ಒಂದು ಲಕ್ಷ ಟನ್ ಅಮೋನಿಯಾಕ್ಕೆ ಪಾವಗಡದ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ, ಮೂರು ಸಾವಿರ ಎಕರೆಯ ಬಿಸಿಲು. ಕರಾವಳಿಯ ಕಡತದಲ್ಲಿ ಬಯಲುಸೀಮೆಯ ನೆಲ ಒಂದು ಸಾಲಾಗಿ ಇರಲೇಬೇಕು. ಎರಡು ಜಿಲ್ಲೆಯವರು, ಕರೆಂಟು ಸಾಗಿಸುವ ಕೆಪಿಟಿಸಿಎಲ್‌ನವರು, ಸೋಲಾರ್ ಗಾಳಿ ಯೋಜನೆಗಳನ್ನು ನೋಡಿಕೊಳ್ಳುವ ಕೆಆರ್‌ಇಡಿಎಲ್‌ನವರು ಒಂದೇ ಮೇಜಿಗೆ ಬರದಿದ್ದರೆ ಈ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ.

ಗೊಬ್ಬರದಲ್ಲೂ ಒಂದು ಸೂಕ್ಷ್ಮ ಇದೆ. ಯೂರಿಯಾ ಮಾಡಲು ಅಮೋನಿಯಾ ಸಾಲದು, ಇಂಗಾಲದ ಡೈಆಕ್ಸೈಡೂ ಬೇಕು. ಈಗ ಅದು ಅನಿಲ ಒಡೆಯುವಾಗಲೇ ಪುಕ್ಕಟೆ ಸಿಗುತ್ತದೆ. ಅನಿಲ ಬಿಟ್ಟು ನೀರಿನಿಂದ ಹೈಡ್ರೋಜನ್ ತಂದರೆ ಆ ಇಂಗಾಲವನ್ನು ಬೇರೆ ಕಡೆ ಹುಡುಕಬೇಕು. ಡಿಎಪಿಗೆ ಈ ತೊಂದರೆ ಇಲ್ಲ. ಅದಕ್ಕೆ ಅಮೋನಿಯಾ ಮತ್ತು ಫಾಸ್ಫಾರಿಕ್ ಆಮ್ಲ ಸಾಕು. ಪಣಂಬೂರಿನಲ್ಲಿ ಎರಡೂ ಗೊಬ್ಬರ ತಯಾರಾಗುತ್ತವೆ. ಒಂದು ಲಕ್ಷ ಟನ್ ಡಿಎಪಿಗೆ ಸುಮಾರು 22,000 ಟನ್ ಅಮೋನಿಯಾ ಬೇಕು. ಅದಕ್ಕೆ ಬೇಕಾಗುವ ಹೈಡ್ರೋಜನ್ 3,900 ಟನ್, ಹೆಚ್ಚುಕಡಿಮೆ ತೋರಣಗಲ್ಲಿನಲ್ಲಿ ಈಗಾಗಲೇ ನಿಂತಿರುವ ಘಟಕದಂಥದ್ದೇ ಇನ್ನೊಂದು.